ಹೇರಳೆ ಮರದ ಗಂಟಲು

ಹೊಸವರ್ಷದ ಸಡಗರ ಮುಗಿದು ಎರಡು ವಾರವಾಗಿತ್ತು. ಚಳಿ ನಟ್ಟನಡುವಿಗೆ ಬಂದಿತ್ತು. ಸಮುದ್ರದ ಮೇಲೆ ಬೂದುಬಣ್ಣದ ಬೆಳಕು ಆಗತಾನೆ ಹರಡುತ್ತಿತ್ತು, ದ್ವೀಪದ ಮೊದಲ ಹಡಗು ಇನ್ನೂ ಕೂಗಿರಲಿಲ್ಲ. ಒಲೆಯ ಮೇಲೆ ಕೆಂಪುಕಾಳಿನ ಗಂಜಿ ಒಂದೊಂದೇ ಗುಳ್ಳೆ ಒಡೆದು ಗಟ್ಟಿಯಾಗುತ್ತಿರುವಾಗ ಇಸೊನೊಗೆ ತನ್ನ ದನಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು ಅನಿಸಿತು. ಸೌಟಿಗೆ ಗುಟ್ಟು ಹೇಳುವವಳ ಹಾಗೆ ಬಾಗಿ, "ಕೊಡ್ತೀನಿ" ಅಂದಳು. ದನಿ ಇತ್ತು. ಆದರೆ ಅದು ಬೇರೆ ಯಾರದೋ ಅಂಗಿ ತೊಟ್ಟುಕೊಂಡು ಬಂದಂತೆ ಕೇಳಿಸಿತು. ಒಳಗಿನ ಕೋಣೆಯಲ್ಲಿ ಕಾಲುಚೀಲ ಏರಿಸುತ್ತಿದ್ದ ಗಂಡ ಯಸೊಜಿ, ಕೂಗಿ ಕರೆದರೂ ಕೇಳದ ಮನುಷ್ಯ, ಇದನ್ನು ಮಾತ್ರ ಕೇಳಿಸಿಕೊಂಡ.

"ಏನೇ ಅದು, ಏನು ಕೊಡ್ತೀಯ?"

"ಏನಿಲ್ಲ ರೀ. ಗಂಜಿ."

"ಗಂಜಿ ನನಗಾ, ಮರಕ್ಕಾ?"

"ಮೊದಲು ಮರಕ್ಕೆ. ಮಿಕ್ಕಿದ್ರೆ ನಿಮಗೆ."

ಅವನು ನಕ್ಕ. ಪ್ರತಿ ವರ್ಷ ಈ ದಿನ ಇದೇ ಮಾತು, ಇದೇ ನಗು. ಅವಳೂ ನಗಬೇಕಿತ್ತು. ಸೌಟು ತಳಕ್ಕೆ ತಾಗಿ ಕರಕರ ಅಂದಿತು, ಗಂಜಿ ಸೀಯುವುದರಲ್ಲಿತ್ತು. ಒಲೆ ಸಣ್ಣ ಮಾಡಿದಳು. ಇನ್ನು ಸ್ವಲ್ಪ ಹೊತ್ತಿಗೆ ಈ ಗಂಜಿಯನ್ನು ಹೊತ್ತುಕೊಂಡು ಬೇಲಿಯಾಚೆಯ ಹಮಾಯೊ ಅಕ್ಕನ ಹಿತ್ತಿಲಿಗೆ ಹೋಗಬೇಕು. ಅಲ್ಲಿ ಹೇರಳೆ ಮರದ ಹಿಂದೆ ಮುಖ ಕಾಣದ ಹಾಗೆ ನಿಲ್ಲಬೇಕು. ಹಮಾಯೊ ಅಕ್ಕ ಕೈಗೊಡಲಿ ಎತ್ತಿಕೊಂಡು ಮರವನ್ನು ಗದರಿಸುತ್ತಾಳೆ: ಈ ವರ್ಷ ಫಲ ಕೊಡ್ತೀಯೋ, ಇಲ್ಲ ಕಡಿದುಹಾಕಲೋ? ಆಗ ಮರದ ಪರವಾಗಿ ಹಿಂದಿನಿಂದ ಇಸೊನೊ, ಕೊಡ್ತೀನಿ ಕೊಡ್ತೀನಿ, ಅನ್ನಬೇಕು. ಕೊಡಲಿ ತೊಗಟೆಗೆ ತುಸುವೇ ಕಚ್ಚು ಹಾಕುತ್ತದೆ, ಕಚ್ಚಿಗೆ ಗಂಜಿ ಮೆತ್ತುತ್ತಾರೆ, ಉಳಿದದ್ದನ್ನು ಅಲ್ಲೇ ನಿಂತು ಉಣ್ಣುತ್ತಾರೆ. ಇಷ್ಟೇ ಕೆಲಸ. ಮಕ್ಕಳಾಟ ಅನ್ನಬೇಕು. ಆದರೆ ಮೊನ್ನೆ ಬಟ್ಟೆ ಒಣಹಾಕುತ್ತ ಹಮಾಯೊ ಅಕ್ಕ ಬೇಲಿಯ ಮೇಲಿಂದ ಕೂಗಿ ಹೇಳಿದ್ದಳು: "ಕುರೆ ಪಟ್ಟಣದಿಂದ ತಂಗಿ ದಿನಾ ಫೋನು ಮಾಡ್ತಾಳೆ ಕಣೇ, ಬಾ ಬಾ ಅಂತ. ನಾನು ಅಂದೆ, ಹದಿನೈದನೇ ತಾರೀಕು ಮರಾನ ಕೇಳ್ತೀನಿ, ಅದು ಹೂಂ ಅಂದ್ರೆ ಇನ್ನೊಂದು ವರ್ಷ ಇಲ್ಲೇ, ಅನ್ನದಿದ್ರೆ ಹಡಗು ಹತ್ತಿದೆ ಅಂತ." ಹೇಳಿ ನಕ್ಕಳು. ಯಸೊಜಿಯೂ ನಕ್ಕ. ಮರ ಯಾವ ವರ್ಷ ಹೂಂ ಅಂದಿಲ್ಲ? ಇಸೊನೊ ಒಬ್ಬಳೇ ಒದ್ದೆ ಟವೆಲು ಹಿಡಿದುಕೊಂಡು, ನಗುವನ್ನು ತುಟಿಯ ಮೇಲೆ ಎಲ್ಲಿ ಇಡಬೇಕೋ ಗೊತ್ತಾಗದೆ ನಿಂತಿದ್ದಳು.

ಹಮಾಯೊಗೆ ಗೊತ್ತಿದೆ. ಗೊತ್ತಿದೆ ಅನ್ನುವುದು ಇಸೊನೊಗೂ ಗೊತ್ತಿದೆ. ಇದು ಹಮಾಯೊಗೆ ಗೊತ್ತಿದೆಯೋ ಇಲ್ಲವೋ, ಅದೊಂದು ತಿಳಿಯದು.

ಡಿಸೆಂಬರಿನ ಕೊನೆಯ ವಾರ ಅದು. ಹಿತ್ತಿಲ ಜಗಲಿಯ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಒಂದು ಗೋಣಿಚೀಲ. ಯಾರದು ಅಂತ ಕೇಳುವ ಹಾಗಿರಲಿಲ್ಲ. ಚೀಲದ ಬಾಯಿಗೆ ಕಟ್ಟಿದ್ದ ನೀಲಿ ಬಟ್ಟೆಯ ಪಟ್ಟಿ ಹಮಾಯೊಳ ಸತ್ತ ಗಂಡನ ನಿಲುವಂಗಿಯದು. ಬೇಸಿಗೆಯ ರಾತ್ರಿ ಉಡುವ ಆ ಅಂಗಿಯನ್ನು ಅವಳು ಉದ್ದುದ್ದ ಹರಿದು ಇಟ್ಟುಕೊಂಡಿದ್ದಳು. ಮೂಲಂಗಿ ಕಂತೆಗೆ, ಈರುಳ್ಳಿ ಜಡೆಗೆ, ಹಣ್ಣಿನ ಚೀಲಕ್ಕೆ ಅದನ್ನೇ ಕಟ್ಟುವಳು. ಈ ಓಣಿಯಲ್ಲಿ ಯಾರೂ ತಂದೆ ಅಂತ ಕೂಗುವುದಿಲ್ಲ, ಇಟ್ಟೆ ಅಂತ ಹೇಳುವುದಿಲ್ಲ. ಇಟ್ಟು ಹೋಗುತ್ತಾರೆ. ಗಂಟು ನೋಡಿದರೆ ಯಾರ ಕೈ ಅಂತ ತಿಳಿಯುತ್ತದೆ, ಒಂದೆರಡು ದಿನ ಬಿಟ್ಟು ಆ ಜಗಲಿಗೂ ಏನಾದರೂ ಹೋಗಿ ಕೂರುತ್ತದೆ. ಇಸೊನೊ ಗಂಟನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದಳು. ಒಳಗೆ ಉರುಟುರುಟಾಗಿ ಹೇರಳೆ. ಮತ್ತೆ ಹೇರಳೆ! ಬಾಗಿಲಿಗೆ ಕಟ್ಟುವ ಹಬ್ಬದ ತೋರಣಕ್ಕೆ ಒಂದು ಬೇಕು, ಉಪ್ಪಿನಕಾಯಿಗೆ ರಸ ಹಿಂಡಲು ನಾಲ್ಕು ಬೇಕು. ಮಿಕ್ಕದ್ದನ್ನು ಏನು ಮಾಡುವುದು? ಕಚ್ಚಿದರೆ ಹಲ್ಲು ಜುಮ್ಮೆನ್ನುವ ಕಾಯಿ. ಕೊಟ್ಟಿಗೆಯಲ್ಲಿ ಆಗಲೇ ಒಂದು ಬುಟ್ಟಿ ಬೂಷ್ಟು ಹಿಡಿಯುತ್ತ ಕೂತಿತ್ತು, ಅದೂ ಅವಳದೇ. ಕೈಯಲ್ಲಿ ಬಟ್ಟೆಯ ರಾಶಿ ಇತ್ತು ಅನ್ನುವುದು ನಿಜ. ಆದರೆ ಅದಕ್ಕೇ ಅಲ್ಲ. ಚೀಲವನ್ನು ಕಾಲಿಂದ ತಳ್ಳಿದಳು. ಚಪ್ಪಲಿ ಹಾಕಿದ ಕಾಲಿನ ತುದಿಯಿಂದ, ಜಗಲಿಯ ಮೂಲೆಗೆ. ಹಣ್ಣುಗಳು ಒಳಗೇ ಒಂದರ ಮೇಲೊಂದು ಉರುಳಿದ್ದು ಪಾದಕ್ಕೆ ತಿಳಿಯಿತು. ಆ ಉರುಳಾಟ ಈಗಲೂ ಕಾಲಿನ ಹೆಬ್ಬೆರಳಿನಲ್ಲಿ ಇದೆ. ಕಾಲುಚೀಲ ಹಾಕಿಕೊಂಡರೂ ಹೋಗಿಲ್ಲ.

ಮಧ್ಯಾಹ್ನ ಮಿಹೊ ಬಂದಳು. ಕೆಳಗಿನ ಓಣಿಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿರುವವಳು, ಎರಡು ವರ್ಷದ ಹಿಂದೆ ಗಂಡನ ಜೊತೆ ಆಚೆ ದಡದಿಂದ ಬಂದವಳು, ಯಾರ ಹಿತ್ತಿಲಲ್ಲಿ ಯಾವ ಮರ ಇದೆ ಅಂತ ಇನ್ನೂ ಕಲಿಯದವಳು. ಅಂಗಡಿಯ ಕ್ಯಾಲೆಂಡರು ಕೊಡಲು ಬಂದಿದ್ದಳು. ಬರಿಗೈಲಿ ಕಳಿಸುವ ಹಾಗಿಲ್ಲ. ಇಸೊನೊ ಮೂಲೆಯ ಚೀಲ ಎತ್ತಿ, "ಹೇರಳೆ, ತಗೊಂಡು ಹೋಗಮ್ಮ" ಅಂದಳು. ಗಂಟು ಬಿಚ್ಚಲೂ ಇಲ್ಲ. ಬಿಚ್ಚಿ ನೋಡಿ ಬೇರೆ ಚೀಲಕ್ಕೆ ಸುರಿದು ಕೊಡುವುದು ಎಷ್ಟು ಹೊತ್ತಿನ ಕೆಲಸ? ಮಿಹೊ ಎರಡು ಕೈಯಲ್ಲೂ ತೆಗೆದುಕೊಂಡು ಹಣೆಯ ಮಟ್ಟಕ್ಕೆ ಎತ್ತಿ ತಲೆಬಾಗಿ, "ಅಯ್ಯೋ ದೊಡ್ಡಮ್ಮ, ಇಷ್ಟೊಂದು!" ಅಂದಳು. ಆಗ ಇಸೊನೊಗೆ ಸಂತೋಷವಾಯಿತು. ಅದನ್ನೂ ಹೇಳಬೇಕು. ಜಗಲಿ ಖಾಲಿಯಾಯಿತು ಅಂತಷ್ಟೇ ಅಲ್ಲ. ಹಮಾಯೊಳ ಮೂಲಂಗಿ ಯಾವಾಗಲೂ ತನ್ನ ಮೂಲಂಗಿಗಿಂತ ತೋಳಷ್ಟು ದಪ್ಪ, ಹಮಾಯೊಳ ಕೋಸಿಗೆ ಹುಳ ಬೀಳುವುದಿಲ್ಲ. ಹಮಾಯೊ ಕೊಟ್ಟದ್ದನ್ನು ತಾನು ಕೊಟ್ಟದ್ದು ಮಾಡಿ ಕೊಡುವುದರಲ್ಲಿ ನಾಲಗೆಯ ತುದಿಗೆ ಒಂದು ಸಣ್ಣ ಸಿಹಿ ಇತ್ತು.

ಈ ಹೊಸವರ್ಷ ಕಳೆದ ಮೇಲೆ, ಹೋದ ವಾರ, ಮಿಹೊಳ ಅಂಗಡಿಯಲ್ಲಿ ಕೂದಲಿಗೆ ಕೂತಿದ್ದಳು. ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದಿತ್ತು, ಎದುರಿಗೆ ಆಳೆತ್ತರದ ಕನ್ನಡಿ. ಅಲ್ಲಾಡುವ ಹಾಗಿಲ್ಲ. ಮಿಹೊ ಕತ್ತರಿ ಆಡಿಸುತ್ತ ಆಡಿಸುತ್ತ ಹೇಳಿದಳು: "ದೊಡ್ಡಮ್ಮ, ಬಯ್ಯಬೇಡಿ. ನೀವು ಕೊಟ್ಟಿದ್ದು ಅಷ್ಟೂ ನಮಗೆ ಖರ್ಚಾಗಲಿಲ್ಲ. ಎರಡು ತೆಗೆದುಕೊಂಡೆ. ಮೇಲಿನ ಮನೆ ಹಮಾಯೊ ಅಜ್ಜಿ ಸೊಪ್ಪು ತಂದಿಟ್ಟಿದ್ರು ನೋಡಿ, ಅವರಿಗೆ ಏನೂ ಕೊಟ್ಟಿರಲಿಲ್ಲ. ಹಾಗೇ ಚೀಲ ಕಟ್ಟಿ ಅವರ ಜಗಲಿ ಮೇಲೆ ಇಟ್ಟುಬಂದೆ. ಎಷ್ಟು ಚಂದ ನೀಲಿ ಪಟ್ಟಿ, ಬಿಸಾಕೋಕೆ ಮನಸು ಬರಲಿಲ್ಲ, ಅದನ್ನೇ ಕಟ್ಟಿದೆ."

ಇಸೊನೊ ಕನ್ನಡಿಯಲ್ಲಿ ನೋಡಿದಳು. ಬಿಳಿ ಬಟ್ಟೆಯ ಮೇಲೆ ಇಟ್ಟ ತನ್ನ ತಲೆ.

"ತಳದಲ್ಲಿ ಒಂದು ಕಾಗದದ ಪೊಟ್ಟಣ ಇತ್ತು. ಬಿಚ್ಚಿದೆ, ಸಾಸಿವೆ ಥರ ಏನೋ. ಅಡುಗೆಗೇನೋ ಅಂದ್ಕೊಂಡು ಅದನ್ನೂ ಒಳಗೇ ಇಟ್ಟೆ. ಸರಿ ತಾನೆ ದೊಡ್ಡಮ್ಮ? ಅಯ್ಯೋ, ಬಿಸಿಯಾಯ್ತಾ? ಹೀಟರು ಆರಿಸ್ಲಾ? ಮುಖ ಎಲ್ಲ ಕೆಂಪಗಾಗಿಬಿಡ್ತು."

ಸಾಸಿವೆಯಲ್ಲ. ಕೆಂಪು ಗೆಡ್ಡೆಯ ಬೀಜ. ಮೂಲಂಗಿಯ ಜಾತಿಯೇ, ಆದರೆ ಉಂಡೆ. ಹೊರಗೆ ಮಾತ್ರ ಬಣ್ಣ, ಕೊಯ್ದರೆ ಒಳಗೆ ಬಿಳಿ. ಉಪ್ಪು ಹಾಕಿ ಕಲ್ಲು ಹೇರಿಟ್ಟು, ಅದರ ಮೇಲೆ ಹೇರಳೆ ರಸ ಹಿಂಡಿದಿರೋ, ನೋಡುನೋಡುತ್ತಿದ್ದಂತೆ ಬಿಳಿಯೆಲ್ಲ ಕೆಂಪೇರುತ್ತದೆ. ಯಾರೋ ಅದರ ಬಗ್ಗೆ ಏನೋ ಅಂದುಬಿಟ್ಟ ಹಾಗೆ. ಈ ದ್ವೀಪದಲ್ಲಿ ಆ ಬೀಜ ಉಳಿದದ್ದು ಹಮಾಯೊಳ ಮನೆಯಲ್ಲಿ ಮಾತ್ರ, ಅವಳ ಅತ್ತೆಯ ಕೈಯಿಂದ ಬಂದದ್ದು. ಇಸೊನೊ ಪ್ರಾಯದಲ್ಲಿದ್ದಾಗಿನಿಂದ ಕೇಳುತ್ತಿದ್ದಳು, ಅಕ್ಕ ಒಂದು ಚಿಟಿಕೆ ಕೊಡೇ. ಹಮಾಯೊ ಉಪ್ಪಿನಕಾಯಿಯನ್ನು ಬಟ್ಟಲುಗಟ್ಟಲೆ ಕೊಡುವಳು, ಬೀಜ ಮಾತ್ರ ಇಲ್ಲ. "ನಾನು ಹೋಗುವಾಗ ಕೊಡ್ತೀನಿ ಕಣೇ. ಈಗ ಕೊಟ್ರೆ ನೀನು ನನ್ನ ಮನೆ ಕಡೆ ತಿರುಗಿ ನೋಡ್ತೀಯ?" ಅನ್ನುವಳು. ಹಾಗೆ ಅಂದು ಅಂದು ಅದು ಇಬ್ಬರ ನಡುವೆ ತಮಾಷೆಯಾಗಿ, ಆಮೇಲೆ ತಮಾಷೆಯೂ ಹಳತಾಗಿ, ಕೊನೆಗೆ ಇಸೊನೊ ಕೇಳುವುದನ್ನೇ ಬಿಟ್ಟಿದ್ದಳು. ಕೇಳುವುದು ಬಿಟ್ಟ ಮೇಲೆ ಕೊಟ್ಟಳು. ಹೇರಳೆಯ ಕೆಳಗೆ, ಚೀಲದ ತಳದಲ್ಲಿ, ಹೇಳದೆ ಕೇಳದೆ. ಆ ಬೀಜ ಓಣಿ ಸುತ್ತಿ, ಇಟ್ಟವಳ ಜಗಲಿಗೇ ವಾಪಸು ಹೋಗಿ ಕೂತಿದೆ. ಹಮಾಯೊ ಒಂದು ಬೆಳಿಗ್ಗೆ ಎದ್ದು ಬಾಗಿಲು ಸರಿಸಿ ತನ್ನದೇ ಚೀಲ, ತನ್ನದೇ ಗಂಡನ ಅಂಗಿಯ ಪಟ್ಟಿ, ಬೇರೆಯವರ ಗಂಟು ನೋಡಿರಬೇಕು. ಬಿಚ್ಚಿರಬೇಕು. ಒಂದೊಂದೇ ಹಣ್ಣು ತೆಗೆದು ಚಾಪೆಯ ಮೇಲೆ ಇಟ್ಟಿರಬೇಕು. ಹೇರಳೆ ಕೀಳುವಾಗ ಎರಡು ಸಲ ಕತ್ತರಿಸಬೇಕು: ಮೊದಲು ಕೊಂಬೆಯಿಂದ, ಆಮೇಲೆ ತೊಟ್ಟನ್ನು ಮಟ್ಟಸವಾಗಿ. ಇಲ್ಲವಾದರೆ ಒಂದರ ತೊಟ್ಟು ಇನ್ನೊಂದಕ್ಕೆ ಚುಚ್ಚಿ ಚೀಲವೆಲ್ಲ ಕೊಳೆಯುತ್ತದೆ. ಹಮಾಯೊಗೆ ಈಗ ಕಣ್ಣು ಮಂಜು, ಅದಕ್ಕೆ ಕತ್ತರಿಸಿದ ಪ್ರತಿ ಹಣ್ಣನ್ನೂ ಕೆನ್ನೆಗೆ ಒತ್ತಿಕೊಂಡು, ಚುಚ್ಚುತ್ತದೆಯೇ ನೋಡಿಯೇ ಚೀಲಕ್ಕೆ ಹಾಕುತ್ತಾಳೆ. ಆ ಹಣ್ಣುಗಳನ್ನು ಇಸೊನೊ ಕಾಲಿಂದ ತಳ್ಳಿದ್ದು. ಕನ್ನಡಿಯಲ್ಲಿ ಕೆಂಪಗಾದ ಮುಖ ಹಾಗೆಯೇ ಇತ್ತು. ಕತ್ತರಿ ಕಿವಿಯ ಹತ್ತಿರ ಚಕಚಕ ಅನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತಾ ದೊಡ್ಡಮ್ಮ ಅಂದಳು ಮಿಹೊ.

"ಹೊರಡೋಣವಾ? ಗಂಜಿ ತಣ್ಣಗಾದ್ರೆ ಮರಕ್ಕೂ ಸೇರಲ್ಲ" ಅಂದ ಯಸೊಜಿ ಬಾಗಿಲಲ್ಲಿ ನಿಂತು. ಅವನಿಗೆ ಏನೂ ಗೊತ್ತಿಲ್ಲ. ಹೇಳೋಣ ಅಂತ ಎರಡು ಸಲ ಬಾಯಿ ತೆರೆದಿದ್ದಳು. ಹೇಳಿದರೆ ಅವನು, ಅಷ್ಟೇನಾ, ಹೋಗಿ ತಪ್ಪಾಯ್ತು ಅನ್ನು, ಅನ್ನುತ್ತಾನೆ. ಗಂಡಸರಿಗೆ ಬೀಜ ಅಂದರೆ ಅಂಗಡಿಯಲ್ಲಿ ಸಿಗುವ ವಸ್ತು.

ಬೇಲಿಯ ಸಂದಿಯಲ್ಲಿ ನುಸುಳಿ ಹೋದರು. ಈ ಸಂದಿ ಅವಳು ಮದುವೆಯಾಗಿ ಬಂದ ವರ್ಷದ್ದು. ಮೀನುಗಾರರ ಕೇರಿಯಿಂದ ಬಂದ ಹುಡುಗಿ, ಮಣ್ಣು ಅಂದರೆ ತೊಳೆಯಬೇಕಾದದ್ದು ಅಂತಷ್ಟೇ ಗೊತ್ತಿದ್ದವಳು, ಕಳೆ ಕೀಳು ಅಂದದ್ದಕ್ಕೆ ಅತ್ತೆಯ ಕ್ಯಾರೆಟ್ಟಿನ ಎಳೇ ಸಸಿಯನ್ನೆಲ್ಲ ಕಿತ್ತು ರಾಶಿ ಹಾಕಿ, ಶುಚಿಯಾಯಿತು ಅಂತ ಬೆನ್ನು ನೀವಿಕೊಳ್ಳುತ್ತ ನಿಂತಿದ್ದಳು. ಬೇಲಿಯಾಚೆಯಿಂದ ಒಂದು ಹೆಂಗಸು ಅದನ್ನು ನೋಡಿ, ಒಂದು ಮಾತೂ ಆಡದೆ, ಕೊಂಬೆ ಸರಿಸಿಕೊಂಡು ಒಳಗೆ ಬಂದು, ಕುಕ್ಕರಗಾಲಲ್ಲಿ ಕೂತು, ತನ್ನ ಮಡಿಲಿನ ಬೀಜ ಮತ್ತೆ ಬಿತ್ತಿ, ಮೇಲೆ ಬೂದಿ ಎರಚಿ, "ಮೊಳಕೆ ತಡ ಆದ್ರೆ ಚಳಿ ಜಾಸ್ತಿ ಅನ್ನು" ಅಂದು ಹೋದಳು. ಅತ್ತೆ ಸಾಯುವವರೆಗೂ ಅವರಿಗೆ ಅದು ತಿಳಿಯಲಿಲ್ಲ. ಹಮಾಯೊಳ ಕಿವಿಗೆ ಹಾಕಿದ ಮಾತು ಬಾವಿಗೆ ಹಾಕಿದ ಕಲ್ಲು. ಈ ಚೀಲದ ವಿಷಯವನ್ನೂ ಹಾಗೇ ಹಾಕಿಕೊಂಡಿದ್ದಾಳೆ. ಅದೇ ತಡೆಯಲಾಗದ್ದು. ಒಂದು ಸಲ, ಏನೇ ನಿನ್ನ ಸೊಕ್ಕು, ಅಂದುಬಿಟ್ಟಿದ್ದರೆ!

ಹಮಾಯೊಳ ಹಿತ್ತಿಲು ಎಂದಿನ ಹಾಗೆ ಬಾಚಿದ ತಲೆಯಂತಿತ್ತು. ಮೂಲಂಗಿಯ ಸಾಲು, ಹುಲ್ಲು ಹೊದಿಸಿದ ಈರುಳ್ಳಿ ಸಸಿ, ಆಚೆ ಬದಿ ಕೆಂಪು ಗೆಡ್ಡೆಗಳು ಮಣ್ಣಿನಿಂದ ಹೆಗಲು ಹೊರಗೆ ಹಾಕಿ ಚಳಿ ಕಾಯಿಸುತ್ತ ಕೂತಿದ್ದವು. ಇಸೊನೊ ಆ ಕಡೆ ನೋಡಲಿಲ್ಲ. ಕೊನೆಗೆ ಮರ. ಹೇರಳೆಯ ಒಂದು ಗುಣ: ಕೀಳದೆ ಬಿಟ್ಟರೆ ಬೀಳುವುದಿಲ್ಲ. ಬೇಸಿಗೆ ಬಂದರೆ ಹಣ್ಣಾದದ್ದು ಮತ್ತೆ ಹಸಿರಾಗಿ, ಚಳಿಗೆ ಮತ್ತೆ ಹಣ್ಣಾಗುತ್ತದೆ. ಹಾಗಾಗಿ ಒಂದೇ ಕೊಂಬೆಯಲ್ಲಿ ಹೋದ ವರ್ಷದ್ದು, ಅದರಾಚೆಯದು, ಈ ವರ್ಷದ್ದು ಒಟ್ಟಿಗೆ ತೂಗುತ್ತವೆ. ಹಳೆಯದು ಯಾವುದು ಹೊಸದು ಯಾವುದು ಅಂತ ಸಿಪ್ಪೆಯ ಸುಕ್ಕು ನೋಡಿ ಹೇಳಬೇಕು.

ಹಮಾಯೊ ತಲೆಗೆ ಬಿಳಿ ವಸ್ತ್ರ ಕಟ್ಟಿ, ಗಂಡನ ಹಳೇ ಕೋಟು ತೊಟ್ಟು, ಕೈಗೊಡಲಿ ಹಿಡಿದು ಆಗಲೇ ನಿಂತಿದ್ದಳು. ಕುಳ್ಳಗೆ, ಗಟ್ಟಿಯಾಗಿ, ಕೋಟಿನೊಳಗೆ ಕಳೆದುಹೋದ ಹಾಗೆ.

"ಬಂದೆಯಾ ಮರವೇ?" ಅಂದಳು ಇಸೊನೊಗೆ. "ಕೂದಲು ಕತ್ತರಿಸಿಕೊಂಡಿದ್ದೀ. ಕೊಂಬೆ ಸವರಿದ ಹಾಗಿದೆ. ಈ ವರ್ಷ ಕಾಯಿ ಜಾಸ್ತಿ."

ಮಿಹೊಳ ಅಂಗಡಿಗೆ ಹೋಗಿದ್ದೆ ಅನ್ನುವುದನ್ನು ನೋಡಿದಳು. ಬೇಕಂತಲೇ ಅಂದಳೋ? ಇರಲಿಕ್ಕಿಲ್ಲ. ಇರಬಹುದು. ಇಸೊನೊ ತಲೆಗೆ ಕೈ ಹಾಕಿಕೊಂಡು, "ಚಳಿ ಅಕ್ಕ" ಅಂದಳು, ಸಂಬಂಧವಿಲ್ಲದೆ.

"ಯಸೊಜಿ, ಗಂಜಿ ಚೆಲ್ಲಬೇಡಿ. ಹೋದ ವರ್ಷ ಅರ್ಧ ನಿಮ್ಮ ಚಪ್ಪಲಿಗೇ ಉಣಿಸಿದ್ರಿ."

"ಚಪ್ಪಲೀನೂ ಈ ವರ್ಷ ಫಲ ಕೊಡ್ತು ಅಕ್ಕ, ಬೆರಳು ಹೊರಗೆ ಬಂತು" ಅಂದ ಯಸೊಜಿ.

ಇಸೊನೊ ಮರದ ಹಿಂದೆ ಹೋದಳು. ಕಾಂಡ ಅಷ್ಟೇನೂ ದಪ್ಪವಲ್ಲ, ಇಬ್ಬದಿಗೂ ಭುಜ ಕಾಣುತ್ತಿರಬೇಕು. ಮೊದಲು ಈ ಜಾಗದಲ್ಲಿ ಹಮಾಯೊ ನಿಲ್ಲುತ್ತಿದ್ದಳು, ಕೊಡಲಿ ಅವಳ ಗಂಡನ ಕೈಯಲ್ಲಿ. ಅವನು ಹೋದ ಮೇಲಿನ ಮೊದಲ ಚಳಿಗೆ ಹಮಾಯೊ ಬೇಲಿಯ ಸಂದಿಗೆ ಬಂದು, "ಕೊಡಲಿ ಎತ್ತೋದು ನಂಗೆ ಬರುತ್ತೆ ಕಣೇ. ದನಿ ನೀನು ಕೊಡು. ಕೇಳೋಳೂ ನಾನೇ, ಹೂಂ ಅನ್ನೋಳೂ ನಾನೇ ಆದ್ರೆ ಹುಚ್ಚು ಅಂತಾರೆ" ಅಂದಿದ್ದಳು. ಆ ವರ್ಷ ಇಸೊನೊ ಮರದ ದನಿ ಅಂದರೆ ಹೇಗಿರಬೇಕು ಅಂತ ತಿಳಿಯದೆ, ಮುದುಕರ ಹಾಗೆ ನಡುಗಿಸಿ ನಡುಗಿಸಿ ಹೇಳಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹಮಾಯೊ ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಿದ್ದಳು. ಆಮೇಲೆ ಪ್ರತಿ ವರ್ಷ ಅದೇ ನಡುಗು ದನಿ. ಇಂದು ಇಸೊನೊ ಒಂದು ಯೋಚನೆ ಮಾಡಿಕೊಂಡು ಬಂದಿದ್ದಳು. ಕೊಡ್ತೀನಿ ಕೊಡ್ತೀನಿ ಅಂದಮೇಲೆ, ಅದೇ ಮರದ ದನಿಯಲ್ಲಿ, ಹೋದ ಸಲ ತಪ್ಪಾಯಿತು, ಅಂದುಬಿಡುವುದು. ಮುಖ ಕಾಣುವುದಿಲ್ಲ. ಯಸೊಜಿ ಮರದ ಮಾತು ಅಂದುಕೊಳ್ಳುತ್ತಾನೆ. ಕೇಳಬೇಕಾದವಳಿಗೆ ಕೇಳುತ್ತದೆ. ಗಂಜಿ ಕಲಕುತ್ತ ಇದು ಎಷ್ಟು ಸುಲಭವಾಗಿ ಕಂಡಿತ್ತು.

"ಏ ಮರವೇ!" ಹಮಾಯೊಳ ದನಿ ಕಾಂಡದ ಆಚೆಯಿಂದ ಬಂತು. "ಈ ವರ್ಷ ಫಲ ಕೊಡ್ತೀಯೋ ಇಲ್ವೋ? ಕೊಡದಿದ್ರೆ ಕಡಿದುಹಾಕ್ತೀನಿ."

ತೊಗಟೆ ಇಸೊನೊಳ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ಹಿಂದಿನ ವರ್ಷಗಳ ಕಚ್ಚಿನ ಗುರುತು ಈ ಬದಿಗಿರಲಿಲ್ಲ. ಈ ಬದಿ ನುಣ್ಣಗೆ, ಒಂದು ಇರುವೆ ಚಳಿಗೆ ಮರಗಟ್ಟಿ ನಿಂತಿತ್ತು. ಬಾಯಿ ತೆರೆದಳು. ಕೊಡ್ತೀನಿ ಅನ್ನುವ ಮಾತು ಗಂಟಲಿನ ಬುಡದಲ್ಲಿ ಇತ್ತು, ಅದು ಅಲ್ಲಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಏನು ಕೊಡ್ತೀಯ, ಅಂತ ಯಸೊಜಿ ಬೆಳಿಗ್ಗೆ ಕೇಳಿದ್ದ. ಏನು ಕೊಡುತ್ತೇನೆ? ನಾಳೆ ಬೆಳಿಗ್ಗೆ ಬೇಲಿಯ ಮೇಲಿಂದ ಮತ್ತೆ ಮುಖ ಕೊಡಬೇಕು. ನಾಡಿದ್ದು ಕೊಡಬೇಕು. ಹಮಾಯೊ ಇರುವಷ್ಟು ದಿನವೂ ಪ್ರತಿ ಬೆಳಿಗ್ಗೆ, ಬಟ್ಟೆ ಒಣಹಾಕುವಾಗ, ನೀರು ಹಾಕುವಾಗ. ಹೂಂ ಅಂದರೆ ಅವಳು ಇರುತ್ತಾಳೆ. ಅನ್ನದಿದ್ದರೆ ಹಡಗು ಹತ್ತುತ್ತಾಳೆ, ಜೊತೆಗೆ ಆ ಚೀಲ, ಆ ಪಟ್ಟಿ, ಆ ಪೊಟ್ಟಣ ಎಲ್ಲವೂ ಹಡಗು ಹತ್ತುತ್ತವೆ. ಈ ಯೋಚನೆ ಬಂದದ್ದಲ್ಲ. ಅದು ಆಗಲೇ ಅಲ್ಲಿ ಕೂತಿತ್ತು, ಕೊಟ್ಟಿಗೆಯ ಬುಟ್ಟಿಯ ತಳದ ಹಣ್ಣಿನ ಹಾಗೆ, ಮೇಲಿನವನ್ನು ಎತ್ತಿದಾಗ ಕಂಡಿತು ಅಷ್ಟೆ. ಇಸೊನೊ ಅದನ್ನು ನೋಡಿ ಹೆದರಿದಳು.

"ಕೇಳಿಸಲಿಲ್ವಾ ಮರವೇ? ಕೊಡ್ತೀಯೋ ಇಲ್ವೋ?"

ದೂರದಲ್ಲಿ ಮೊದಲ ಹಡಗು ಕೂಗಿತು. ಯಸೊಜಿ ಕೆಮ್ಮಿದ. ಈಗ ಹೇಳಬೇಕು. ಈಗ ಹೇಳಿದರೂ ತಡವಾದದ್ದು ತಮಾಷೆಗೆ ಅಂತ ಆಗುತ್ತದೆ, ಮರ ಇವತ್ತು ಬಿಗುಮಾನ ಮಾಡ್ತು ಅಂತ ನಗುತ್ತಾರೆ. ನಾಚಿಕೆಗೆ ದನಿ ಹೊರಡುತ್ತಿಲ್ಲವೋ, ಅವಳು ಹೋಗಲಿ ಅಂತ ದನಿ ಹೊರಡುತ್ತಿಲ್ಲವೋ? ಎರಡರಲ್ಲಿ ಯಾವುದು ಅಂತ ತಿಳಿದುಕೊಂಡು ಆಮೇಲೆ ಹೇಳೋಣ ಅನ್ನುವ ಹಾಗೆ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಕಾಂಡಕ್ಕೆ ಎರಡೂ ಅಂಗೈ ಒತ್ತಿದಳು. ಹಮಾಯೊಳ ಉಸಿರು ಕೇಳುತ್ತಿತ್ತು. ಕೊಡಲಿ ಎತ್ತಿಹಿಡಿದ ಮುದಿ ತೋಳಿನ ಉಸಿರು.

ಮೂರನೆಯ ಸಲ ಕೇಳುವ ರೂಢಿ ಇಲ್ಲ. ಹಮಾಯೊ ಕೇಳಿದಳು, ಗದರಿಕೆ ಇಲ್ಲದೆ, ಬಹಳ ಸಣ್ಣಗೆ: "ಏನೇ? ಕೊಡಲ್ವಾ?"

ಅದು ಮರಕ್ಕೆ ಕೇಳಿದ್ದಲ್ಲ.

ಯಸೊಜಿಯೇ ಮೊದಲು ಮಾತಾಡಿದ. "ಇವಳಿಗೆ ಏನಾಯ್ತು? ನಾನು ಹೇಳ್ಲಾ ಅಕ್ಕ? ಕೊಡ್ತೀನಿ, ಕೊಡ್ತೀನಿ!"

"ನೀವು ಕೊಟ್ಟಿದ್ದು ಯಾವ ಕಾಲದಲ್ಲಿ ಕಂಡಿದ್ದೀನಿ, ಯಸೊಜಿ" ಅಂದಳು ಹಮಾಯೊ. ನಗುವಿನ ದನಿಯೇ. ಟಕ್ ಅಂತ ಕೊಡಲಿ ತಾಗಿದ್ದು ಕಾಂಡದ ಮೂಲಕ ಇಸೊನೊಳ ಅಂಗೈಗೆ ಬಂತು. ತೀರ ಹಗುರವಾಗಿ, ಬಾಗಿಲು ತಟ್ಟಿದಷ್ಟೇ. "ಮರಕ್ಕೆ ನೆಗಡಿ. ಗಂಟಲು ಕಟ್ಟಿದೆ ಪಾಪ. ಗಂಜಿ ಕೊಡಿ, ಬಿಸಿ ಮೆತ್ತೋಣ."

ಇಸೊನೊ ಹಿಂದಿನಿಂದ ಬಂದಳು. ಬರದೆ ಇರುವ ಹಾಗಿರಲಿಲ್ಲ. ಹಮಾಯೊ ಬಾಗಿ ಕಚ್ಚಿಗೆ ಗಂಜಿ ಮೆತ್ತುತ್ತಿದ್ದಳು. ಬೆರಳಿಂದ, ಮಗುವಿನ ಬಾಯಿಗೆ ಇಟ್ಟ ಹಾಗೆ, ಒಂದೊಂದು ಕಾಳೂ ಕಚ್ಚಿನಲ್ಲಿ ಕೂರುವಂತೆ. ಅದು ಮುಗಿದ ಮೇಲೆ ಮೂವರಿಗೂ ಬಟ್ಟಲು ಹಾಕಿದಳು. "ಉಪ್ಪು ಸರಿಯಾಗಿದೆ" ಅಂದಳು. "ತಳ ಸ್ವಲ್ಪ ಸೀದಿದೆ. ಹಾಗಿದ್ರೇ ರುಚಿ." ಇಸೊನೊ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ಹಮಾಯೊ ತನ್ನನ್ನು ನೋಡುತ್ತಿದ್ದಾಳೋ ಇಲ್ಲವೋ ಅಂತ ತಿಳಿಯುತ್ತಿತ್ತು. ಅದನ್ನು ತಿಳಿಯುವ ಧೈರ್ಯ ಬಟ್ಟಲು ಖಾಲಿಯಾಗುವವರೆಗೂ ಬರಲಿಲ್ಲ. ಖಾಲಿಯಾದ ಮೇಲೂ ಬರಲಿಲ್ಲ.

ಮರುದಿನದಿಂದ ಹಮಾಯೊ ಹಿತ್ತಿಲಲ್ಲಿ ಕೆಲಸಕ್ಕೆ ಇಳಿದಳು. ಬೇಲಿಯ ಸಂದಿಯಿಂದ ಕಾಣುತ್ತಿತ್ತು, ನೋಡಬಾರದು ಅಂದುಕೊಂಡರೂ ಕಾಣುತ್ತಿತ್ತು. ಮೊದಲು ಮೂಲಂಗಿ ಹೋಯಿತು. ಆಮೇಲೆ ಕೋಸು. ಈರುಳ್ಳಿ ಸಸಿಯನ್ನು ಮಣ್ಣಿನ ಸಮೇತ ಎತ್ತಿ ಕೆಳಗಿನ ಓಣಿಯವರಿಗೆ ಕೊಟ್ಟಳಂತೆ. ಒಂದು ಮಧ್ಯಾಹ್ನ ಕೆಂಪು ಗೆಡ್ಡೆಗಳನ್ನೆಲ್ಲ ಕಿತ್ತು, ಬೇಲಿಗೆ ಬೆನ್ನು ಹಾಕಿ ಕೂತು ತೊಳೆದಳು. ಬೀಜಕ್ಕೆ ಅಂತ ನಾಲ್ಕೈದನ್ನು ನೆಲದಲ್ಲೇ ಬಿಡುವುದು ವಾಡಿಕೆ. ಅವು ಚಳಿ ಕಳೆದ ಮೇಲೆ ಹಳದಿ ಹೂ ಎತ್ತಿ ಕಾಯಿ ಕಟ್ಟುತ್ತವೆ. ಇಸೊನೊ ಕಿಟಕಿಯ ಪಕ್ಕ ನಿಂತು ನೋಡಿದಳು. ಬಿಟ್ಟಳೋ? ಬಿಡಲಿಲ್ಲ. ಕುಂಟೆ ಎಳೆದಳು, ನೆಲ ಚಾಪೆಯ ಹಾಗಾಯಿತು. ಮರಕ್ಕೆ ಮೆತ್ತಿದ ಗಂಜಿ ಒಣಗಿ ಕಪ್ಪಾಗಿತ್ತು, ಹಕ್ಕಿಗಳು ಬಂದು ಕಾಳು ಕುಕ್ಕುತ್ತಿದ್ದವು. ಹೋಗಿ ಹೇಳಬೇಕು, ಹೋಗಿ ಹೇಳಬೇಕು ಅಂತ ಇಸೊನೊ ಏಪ್ರನ್ನಿನ ದಾರ ಕಟ್ಟುವಳು, ಬಿಚ್ಚುವಳು. ಒಂದು ದಿನ ಸಂದಿಯವರೆಗೂ ಹೋಗಿ ಕೊಂಬೆ ಸರಿಸಿದಳು. ಆಚೆ ಹಮಾಯೊ ತಲೆವಸ್ತ್ರ ಕಳಚಿ, ಕೊಡವಿ, ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಕೂದಲು ಎಷ್ಟು ತೆಳ್ಳಗಾಗಿದೆ, ನೆತ್ತಿ ಕಾಣುತ್ತಿತ್ತು. ನೋಡಬಾರದ್ದನ್ನು ನೋಡಿದವಳ ಹಾಗೆ ಇಸೊನೊ ಕೊಂಬೆ ಬಿಟ್ಟಳು.

ತಿಂಗಳ ಕೊನೆಯ ದಿನ ಮುಂಬಾಗಿಲಲ್ಲಿ ಯಾರೋ ಕರೆದರು. ಅಂಚೆಯವನು ಇರಬೇಕು ಅಂತ ಇಸೊನೊ ಒದ್ದೆ ಕೈ ಒರೆಸಿಕೊಳ್ಳುತ್ತ ಹೋದಳು. ಬಾಗಿಲು ಸರಿಸಿದರೆ ಹಮಾಯೊ. ಕಪ್ಪು ನಿಲುವಂಗಿ, ಬಾಚಿ ಕಟ್ಟಿದ ಕೂದಲು, ಕೈಯಲ್ಲಿ ಬಿಳಿ ಕಾಗದ ಸುತ್ತಿದ ಟವೆಲುಗಳ ಗಂಟು. ಇಷ್ಟು ವರ್ಷದಲ್ಲಿ ಹಮಾಯೊ ಈ ಬಾಗಿಲಿಗೆ ಬಂದದ್ದು ಅತ್ತೆ ಸತ್ತ ದಿನ ಮಾತ್ರ. ಅವಳದು ಹಿತ್ತಿಲ ದಾರಿ. ಈಗ ಚಪ್ಪಲಿ ಜೋಡಿಸಿ ನಿಂತು, ಸೊಂಟದಿಂದ ಬಾಗಿ, ಓಣಿಯ ಎಲ್ಲ ಮನೆಗೂ ಹೇಳಿಬಂದ ಮಾತನ್ನು ಈ ಮನೆಗೂ ಹೇಳಿದಳು.

"ಇಷ್ಟು ಕಾಲ ನಿಮ್ಮಿಂದ ಬಹಳ ಉಪಕಾರವಾಯಿತು. ತಂಗಿಯ ಮನೆಗೆ ಹೋಗುತ್ತಿದ್ದೇನೆ. ನನ್ನಿಂದ ತೊಂದರೆಯಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಎರಡು ಕೈಯಲ್ಲೂ ಟವೆಲು ಮುಂದೆ ಹಿಡಿದಳು. ಇಸೊನೊ ಎರಡು ಕೈಯಲ್ಲೂ ತೆಗೆದುಕೊಂಡಳು. ಹಣೆಯ ಮಟ್ಟಕ್ಕೆ ಎತ್ತಿದಳು, ಮಿಹೊ ಚೀಲ ಎತ್ತಿದ ಹಾಗೆ. ಅಕ್ಕ, ಅಂದಳು. ಮುಂದಿನದು ಇತ್ತು, ತುಟಿಯವರೆಗೂ ಬಂದಿತ್ತು. "ಅಕ್ಕ, ಆ ಚೀಲ..."

ಹಮಾಯೊ ತಲೆ ಎತ್ತಿದಳು. ಮಂಜು ಕಣ್ಣು, ಆದರೆ ಕಾದಿದ್ದವು. ಇನ್ನೊಂದು ಉಸಿರು ಅವಳು ಕಾದಳು ಅಂತ ಇಸೊನೊಗೆ ಈಗಲೂ ಅನಿಸುತ್ತದೆ. ಆಗಲೇ ಒಳಗಿಂದ ಯಸೊಜಿ, "ಯಾರೇ ಅದು? ಒಳಗೆ ಕರಿಯೇ, ಟೀ ಮಾಡು!" ಅಂತ ಕೂಗಿದ. ಇಸೊನೊಳ ಬಾಯಿಂದ ಬಂದದ್ದು: "ಚೀಲ... ಸಾಮಾನು ಕಟ್ಟೋಕೆ ಚೀಲ ಬೇಕಿದ್ರೆ, ನಮ್ಮ ಕೊಟ್ಟಿಗೆಯಲ್ಲಿ ಇವೆ."

"ಇಲ್ಲ, ಸಾಕಷ್ಟಿವೆ" ಅಂದಳು ಹಮಾಯೊ. "ಚಳಿಯಲ್ಲಿ ಬಾಗಿಲು ತೆಗೆದುಕೊಂಡು ನಿಲ್ಲಬೇಡಿ." ಇನ್ನೊಮ್ಮೆ ಬಾಗಿ, ಮುಂದಿನ ಮನೆಗೆ ಹೋದಳು. ಟವೆಲಿನ ಮೇಲಿನ ಕಾಗದದಲ್ಲಿ ಅವಳ ಹೆಸರು ಅಚ್ಚಾಗಿತ್ತು. ಪಕ್ಕದ ಮನೆಯವರಿಗೆ ಕೊಟ್ಟದ್ದೂ ಇದೇ, ಅದರಾಚೆಯವರಿಗೂ ಇದೇ. ಇಸೊನೊ ಕಾಗದ ಬಿಚ್ಚಿ, ಟವೆಲು ಪೂರಾ ಹರಡಿ, ಕೊಡವಿ, ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಏನೂ ಇರಲಿಲ್ಲ. ಈ ಸಲ ಬಿಚ್ಚಿ ನೋಡಿದೆನಲ್ಲ, ಅಂದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತಳು.

ಹಡಗುಕಟ್ಟೆಗೆ ಯಸೊಜಿ ಒಬ್ಬನೇ ಹೋದ. ನೀನು ಬರಲ್ವಾ ಅಂದದ್ದಕ್ಕೆ ಇಸೊನೊ, ನೆಗಡಿ, ಅಂದಳು. ಹಡಗಿನ ಕೂಗು ಕೇಳಿಸಬಾರದು ಅಂತ ನಲ್ಲಿ ಬಿಟ್ಟಳು, ಆದರೂ ಕೇಳಿಸಿತು. ಹಿಂತಿರುಗಿ ಬಂದ ಯಸೊಜಿ ಕಿವಿಯ ಟೋಪಿ ತೆಗೆಯುತ್ತ ಹೇಳಿದ: "ಏಣಿ ಹತ್ತುವಾಗ ತಿರುಗಿ, ಇಸೊನೊ ಎಲ್ಲಿ ಅಂತ ಕೇಳಿದ್ರು. ಅವಳಿಗೆ ನೆಗಡಿ ಅಕ್ಕ, ಗಂಟಲು ಕಟ್ಟಿದೆ ಅಂದೆ."

"ಏನಂದ್ರು?"

"ನಕ್ಕರು. ಮರಕ್ಕೆ ಬಂದಿದ್ದೇ ಇವಳಿಗೂ ಬಂತಾ, ಗಂಜಿ ಕುಡಿಸಿ, ಅಂದ್ರು. ಯಾಕೇ? ಏನಾಯ್ತೇ?"

ಇಸೊನೊ ಹಿತ್ತಿಲಿಗೆ ನಡೆದಳು, ಬೇಲಿಯ ಸಂದಿಯಲ್ಲಿ ನುಸುಳಿದಳು. ಬಾಚಿದ ಬರಿ ನೆಲ ದಾಟಿ ಮರದ ಹಿಂದೆ, ತನ್ನ ಜಾಗದಲ್ಲಿ ಹೋಗಿ ನಿಂತಳು. ಆಚೆ ಬದಿಯಿಂದ ಕೇಳುವವರು ಯಾರೂ ಇರಲಿಲ್ಲ. ಕೇಳದೆ ಮರ ಮಾತಾಡುವ ಪದ್ಧತಿ ಇಲ್ಲ. ಸಂಜೆ ಆಗುವಾಗ ಎಲ್ಲ ಮನೆಗಳಲ್ಲೂ ಬಾಗಿಲು ತೆರೆದು ಹುರಿದ ಕಾಳು ಹೊರಗೆ ಎರಚುತ್ತ, ಪೀಡೆ ಹೊರಗೆ, ಭಾಗ್ಯ ಒಳಗೆ, ಅಂತ ಕೂಗತೊಡಗಿದರು. ಯಸೊಜಿಯೂ ಕೂಗಿದ. ಕಾಳು ಹೊಸ್ತಿಲ ಮೇಲೆ, ಓಣಿಯ ಕಲ್ಲಿನ ಮೇಲೆ ಚಟಪಟ ಬಿದ್ದವು. ಹಮಾಯೊ ಊರು ಬಿಟ್ಟದ್ದು ಆ ದಿನ, ಫೆಬ್ರವರಿ ಮೂರು, ಕಾಳು ಎರಚುವ ದಿನ, ಬೆಳಗಿನ ಮೊದಲ ಹಡಗಿಗೆ.